ನೂರ ಮೂವತ್ತೆರಡು ಓಮ್

೬ ನವೆಂಬರ್

ಅತ್ತೆಯವರಿಗೆ ನಮಸ್ಕಾರಗಳು.

ಇಷ್ಟು ತಿಂಗಳು ಸುಮ್ಮನಿದ್ದು ಈಗ ಕೆಲಸ ಬಿದ್ದಾಗ ಬರೆಯುತ್ತಿದ್ದಾಳೆ ಎಂದುಕೊಳ್ಳುತ್ತೀರಿ. ಎಂದುಕೊಳ್ಳಿ, ಅದು ನಿಜವೇ.

ನನ್ನ ಕೋಣೆಯ ಫ್ಯೂಸ್ ನಿಲ್ಲುತ್ತಿಲ್ಲ. ಸಂಜೆ ಕೆಲಸದಿಂದ ಬಂದು ಕರೆಂಟ್ ಒಲೆ ಹಾಕಿದರೆ ಸಾಕು, ಪಟ್ ಎಂದು ಎಲ್ಲ ಕತ್ತಲು. ಫ್ಯೂಸ್ ಪೆಟ್ಟಿಗೆ ಇರುವುದು ಕೆಳಗೆ, ಮೆಟ್ಟಿಲ ಅಡಿಯಲ್ಲಿ. ಟಾರ್ಚ್ ಹಿಡಿದು ಇಳಿದು ತಂತಿ ಕಟ್ಟುವಷ್ಟರಲ್ಲಿ ಮನೆಯೊಡತಿ ಬಾಗಿಲಿಗೆ ಬಂದು ನಿಂತಿರುತ್ತಾರೆ. “ನಿನ್ನ ಕೋಣೇಲಿ ಯಾವ ರಾಕ್ಷಸ ಕೂತ್ಕೊಂಡು ಕರೆಂಟ್ ಕುಡೀತಾನಮ್ಮಾ?” ಎಂದು ಕೇಳಿದರು. ಮೊದಲ ಸಲ ನಗುತ್ತಲೇ ಕೇಳಿದ್ದರು. ಈಚೆಗೆ ನಗುವುದಿಲ್ಲ.

ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಯಲ್ಲಿ ಫ್ರೇಮ್ ಜೋಡಿಸುವವರೊಬ್ಬರಿದ್ದಾರೆ. “ಸ್ವಲ್ಪ ದಪ್ಪ ತಂತಿ ಹಾಕ್ಬಿಡಿ, ಜನ್ಮದಲ್ಲಿ ಹೋಗಲ್ಲ” ಎಂದು ಒಂದು ತುಂಡನ್ನು ಅವರೇ ಕೊಟ್ಟರು. ಹಾಕಿದೆ, ಹೋಗಲಿಲ್ಲ. ಆದರೆ ನಿನ್ನೆಯಿಂದ ಸ್ವಿಚ್ ಬೋರ್ಡಿನ ಹಿಂದೆ ಏನೋ ಸುಟ್ಟ ವಾಸನೆ ಬರುತ್ತಿದೆ.

ನಿಮ್ಮ ಮಗ ಇದ್ದಿದ್ದರೆ ಅವರನ್ನೇ ಕೇಳುತ್ತಿದ್ದೆ. ಕೋಣೆಯಲ್ಲಿರುವುದು ಒಂದು ಬಲ್ಬು, ಒಂದು ಒಲೆ. ಏನು ಮಾಡಬೇಕು ತಿಳಿಸಿ. ನಿಮ್ಮ ಮಂಡಿ ನೋವು ಹೇಗಿದೆ?

ಇಂತಿ,
ನಿಮ್ಮ ಸೊಸೆ


೧೧ ನವೆಂಬರ್

ಸೊಸೆಗೆ,

ಮೊದಲು ಆ ದಪ್ಪ ತಂತಿ ಕಿತ್ತು ಬಿಸಾಡು. ಪತ್ರದ ಉಳಿದ ಭಾಗ ಆಮೇಲೆ ಓದು.

ಕಿತ್ತೆಯಾ? ಸರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಕರೆಂಟ್ ಹೆಚ್ಚಾದಾಗ ಕರಗಲಿ ಎಂದೇ ಫ್ಯೂಸನ್ನು ಸಪೂರ ತಂತಿಯಲ್ಲಿ ಕಟ್ಟುವುದು. ಅದು ಕರಗದೆ ಹೋದರೆ ಗೋಡೆಯೊಳಗಿನ ವೈರು ಕರಗುತ್ತದೆ. ನಿನಗೆ ಬಂದದ್ದು ಅದರ ವಾಸನೆ. ನಿಮ್ಮ ಅಂಗಡಿಯ ಆ ದಪ್ಪ ತಂತಿಯವನಿಗೆ ಕನ್ನಡಕ ಬಿಟ್ಟು ಬೇರೆ ವಿಷಯಕ್ಕೆ ಬಾಯಿ ಹಾಕಬೇಡ ಎಂದು ಹೇಳು.

ಮಂಡಿ ನೋವು ಇದೆ. ಅದು ನನಗಿಂತ ಗಟ್ಟಿ. ವರ್ಕ್‌ಶಾಪು ನಡೆಯುತ್ತಿದೆ. ಈಗ ಒಂದು ಬೇಕರಿಯ ಒಲೆಗೆ ಕಾಯಿಲ್ ಸುತ್ತುತ್ತಿದ್ದೇನೆ, ಇನ್ನೆರಡು ಮೋಟಾರು ಬಾಗಿಲ ಬಳಿ ಕಾಯುತ್ತಿವೆ. ನಿನ್ನ ಮಾವ ಇದ್ದಾಗ ಇಬ್ಬರು ಮಾಡುತ್ತಿದ್ದ ಕೆಲಸ, ನಿನ್ನ ಗಂಡ ಸೇರಿದ ಮೇಲೆ ಮೂವರು ಮಾಡುತ್ತಿದ್ದ ಕೆಲಸ, ಈಗ ನಾನೊಬ್ಬಳೇ ಮಾಡುತ್ತೇನೆ. ಬೀದಿಯವರೆಲ್ಲ ನನ್ನನ್ನು ಮೋಟಾರಮ್ಮ ಎನ್ನುತ್ತಾರೆ. ಅತ್ತೆ ಎನ್ನುವವಳು ಭೂಮಿಯ ಮೇಲೆ ನೀನೊಬ್ಬಳೇ. ನೀನು ನಿಲ್ಲಿಸಿದರೆ ಆ ಶಬ್ದ ನನ್ನ ಪಾಲಿಗೆ ಮುಗಿಯಿತು. ಆದ್ದರಿಂದ ಕೆಲಸ ಬಿದ್ದಾಗ ಬರೆದರೂ ನನಗೆ ಬೇಸರವಿಲ್ಲ, ಫ್ಯೂಸ್ ಆಗಾಗ ಹೋಗಲಿ.

ಈಗ ವಿಷಯಕ್ಕೆ ಬಾ. ಒಂದು ಬಲ್ಬು, ಒಂದು ಒಲೆಗೆ ಫ್ಯೂಸ್ ಹೋಗಬಾರದು. ಮೀಟರ್ ಕಳಿಸುತ್ತಿದ್ದೇನೆ. ಅದರ ಎರಡು ಕಡ್ಡಿಯನ್ನು ಪ್ಲಗ್ಗಿಗೆ ಇಟ್ಟರೆ ವೋಲ್ಟ್ ಹೇಳುತ್ತದೆ. ಅದರ ಕೊಕ್ಕೆಯನ್ನು ವೈರಿನ ಸುತ್ತ ಹಾಕಿದರೆ ಆಂಪಿಯರ್ ಹೇಳುತ್ತದೆ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ತಡೆ, ಅದು ಓಮ್ ಲೆಕ್ಕ. ಎರಡನ್ನೂ ಗುಣಿಸಿದರೆ ಶಕ್ತಿ, ಅದು ವ್ಯಾಟ್. ನಮ್ಮ ಮನೆತನದ ವಿದ್ಯೆಯೆಲ್ಲ ಇಷ್ಟೇ. ಒಂದೊಂದೇ ಸಾಮಾನು ಹಾಕಿ, ಲೆಕ್ಕ ಮಾಡಿ ಬರೆದು ಕಳಿಸು. ತಪ್ಪಾದರೆ ನಗುತ್ತೇನೆ, ಕೋಪ ಮಾಡಿಕೊಳ್ಳಬೇಡ.

ಅತ್ತೆ


೨೩ ನವೆಂಬರ್

ಅತ್ತೆಯವರಿಗೆ ನಮಸ್ಕಾರಗಳು.

ಪಾರ್ಸೆಲ್ ಬಂತು. ಮೀಟರಿಗೆ ಸುತ್ತಿದ್ದ ಸ್ವೆಟರ್ ಯಾರದೆಂದು ಗೊತ್ತಾಯಿತು. ಇಟ್ಟುಕೊಂಡಿದ್ದೇನೆ.

ದಪ್ಪ ತಂತಿಯನ್ನು ನಿಮ್ಮ ಪತ್ರ ಓದುವಾಗಲೇ ಹೋಗಿ ಕಿತ್ತೆ. ಆಮೇಲೆ ಫ್ಯೂಸ್ ಮತ್ತೆ ಹೋಯಿತು. ಆ ದಿನ ಬ್ರೆಡ್ಡನ್ನು ತಣ್ಣಗೇ ತಿಂದು ಮಲಗಿದೆ.

ಅತ್ತೆ, ಮೀಟರಿನ ಕೊಕ್ಕೆ ಕೆಲಸ ಮಾಡುತ್ತಿಲ್ಲ. ಒಲೆ ಹಾಕಿ ವೈರಿನ ಸುತ್ತ ಹಿಡಿದರೂ ಸೊನ್ನೆ, ಬಲ್ಬಿಗೆ ಹಿಡಿದರೂ ಸೊನ್ನೆ. ಆದರೆ ನಾನು ಸುಮ್ಮನೆ ಬಿಡಲಿಲ್ಲ. ಮೀಟರಿನಲ್ಲೇ ಓಮ್ ನೋಡುವ ಗುರುತು ಇತ್ತಲ್ಲ, ಬಲ್ಬನ್ನು ಬಿಚ್ಚಿ ಅದರಿಂದಲೇ ಅಳೆದೆ. ೬೪ ಓಮ್ ತೋರಿಸಿತು. ಪ್ಲಗ್ಗಿನಲ್ಲಿ ೨೩೦ ವೋಲ್ಟ್. ಭಾಗಿಸಿದರೆ ಮೂರೂವರೆ ಆಂಪಿಯರಿಗೂ ಹೆಚ್ಚು, ಗುಣಿಸಿದರೆ ಎಂಟುನೂರು ವ್ಯಾಟ್ ದಾಟುತ್ತದೆ! ಒಂದು ಬಲ್ಬು ಒಲೆಯಷ್ಟು ತಿನ್ನುತ್ತಿದೆ. ಕಳ್ಳ ಸಿಕ್ಕಿದ ಎಂದುಕೊಂಡೆ. ಹೊಸ ಬಲ್ಬು ತಂದು ಅದನ್ನೂ ಅಳೆದೆ, ಅದೂ ಕಳ್ಳನೇ. ಈಗ ಏನು ಮಾಡಲಿ?

ಇಂತಿ,
ನಿಮ್ಮ ಸೊಸೆ


೨೮ ನವೆಂಬರ್

ಸೊಸೆಗೆ,

ಹೇಳಿದ ಹಾಗೆ ನಕ್ಕೆ. ಬಹಳ ದಿನವಾಗಿತ್ತು ಹಾಗೆ ನಕ್ಕು. ಪಕ್ಕದ ಲೇತ್‌ನವನು ಗೋಡೆ ತಟ್ಟಿ “ಏನಾಯ್ತು ಮೋಟಾರಮ್ಮ?” ಎಂದು ಕೇಳಿದ.

ಮೀಟರ್ ಚೆನ್ನಾಗಿಯೇ ಇದೆ. ನೀನು ಎರಡು ವೈರನ್ನೂ ಒಟ್ಟಿಗೆ ಕೊಕ್ಕೆಯೊಳಗೆ ಹಾಕಿದ್ದೀಯ. ಹೋಗುವ ಕರೆಂಟನ್ನು ಬರುವ ಕರೆಂಟು ಅಳಿಸಿಬಿಟ್ಟು ಮೀಟರಿಗೆ ಏನೂ ಇಲ್ಲದಂತೆ ಕಾಣುತ್ತದೆ. ಒಂದನ್ನೇ ಹಿಡಿಯಬೇಕು. ಅದಕ್ಕೆಂದೇ ಪಾರ್ಸೆಲ್ಲಿನಲ್ಲಿ ಎಳೆ ಬಿಡಿಸಿದ ಗಿಡ್ಡ ವೈರು ಇಟ್ಟಿದ್ದೆ. ಅದನ್ನು ಪ್ಲಗ್ಗಿಗೂ ಸಾಮಾನಿಗೂ ನಡುವೆ ಸಿಕ್ಕಿಸಿ ಒಂದು ಎಳೆಗೆ ಕೊಕ್ಕೆ ಹಾಕು.

ಬಲ್ಬನ್ನು ಆರಿಸಿಟ್ಟು ಅಳೆಯಬಾರದು ಮಗಳೇ. ಒಳಗಿನ ತಂತಿ ತಣ್ಣಗಿದ್ದಾಗ ತಡೆ ಕಡಿಮೆ. ಬೆಳಗಲು ಶುರುವಾದ ಮೇಲೆ ಹತ್ತು ಪಟ್ಟಿಗೂ ಮೇಲೆ ಏರುತ್ತದೆ. ಆದ್ದರಿಂದಲೇ ಉರಿಯುತ್ತಿರುವಾಗ ವೋಲ್ಟ್ ಎಷ್ಟು, ಆಂಪಿಯರ್ ಎಷ್ಟು ನೋಡಿ ಭಾಗಿಸು ಎಂದದ್ದು. ನಿನ್ನ ಗಂಡನೂ ಶಾಲೆಗೆ ಹೋಗುವಾಗ ಇದನ್ನೇ ಮಾಡಿದ್ದ. ಮನೆಯ ಬಲ್ಬುಗಳನ್ನೆಲ್ಲ ಬಿಚ್ಚಿ ಅಳೆದು, ನಮ್ಮ ಮನೆಗೆ ಬರುವ ಕರೆಂಟಿಗೆ ಬೀದಿಯ ಕಂಬವೇ ಕರಗಬೇಕಿತ್ತು ಎಂದು ಅಪ್ಪನಿಗೆ ವರದಿ ಒಪ್ಪಿಸಿದ. ನಿನ್ನ ಮಾವ ಗಂಭೀರವಾಗಿ ಹೊರಗೆ ಹೋಗಿ ಕಂಬ ನೋಡಿ ಬಂದು “ಇನ್ನೂ ಕರಗಿಲ್ಲಪ್ಪ” ಎಂದರು. ಅವನು ಎರಡು ದಿನ ಅಪ್ಪನ ಜೊತೆ ಮಾತಾಡಲಿಲ್ಲ.

ಇನ್ನೊಂದು ಕೆಲಸ ಮಾಡು. ಸಂಜೆ ಬಂದ ಕೂಡಲೇ, ಮೇಲೆ ಹತ್ತುವ ಮೊದಲೇ, ಮೆಟ್ಟಿಲಡಿಯ ಪೆಟ್ಟಿಗೆಯಿಂದ ನಿನ್ನ ಕೋಣೆಗೆ ಹೋಗುವ ಎರಡು ವೈರಿನಲ್ಲಿ ಒಂದಕ್ಕೆ ಕೊಕ್ಕೆ ಹಾಕಿ ನೋಡು. ಏನನ್ನೂ ಬಿಚ್ಚಬೇಡ, ಹೊರಗಿನಿಂದ ಹಿಡಿದರೆ ಸಾಕು. ಕೋಣೆಯಲ್ಲಿ ಯಾರೂ ಇಲ್ಲದಾಗ ಸೊನ್ನೆ ಬರಬೇಕು. ಬರದಿದ್ದರೆ ಎಲ್ಲೋ ಸೋರುತ್ತಿದೆ. ಸೋರುವುದು ಒಳ್ಳೆಯದಲ್ಲ.

ಅತ್ತೆ


೯ ಡಿಸೆಂಬರ್

ಅತ್ತೆಯವರಿಗೆ ನಮಸ್ಕಾರಗಳು.

ಕಂಬದ ಕಥೆ ಅವರು ನನಗೆ ಹೇಳಿರಲಿಲ್ಲ. ಅವರ ಬಗ್ಗೆ ನನಗೆ ಗೊತ್ತಿಲ್ಲದ್ದು ಇನ್ನೂ ಇದೆ ಎಂದು ತಿಳಿದು ಆ ಪತ್ರವನ್ನು ಅಂಗಡಿಗೂ ತೆಗೆದುಕೊಂಡು ಹೋಗಿದ್ದೆ.

ಒಂದೇ ಎಳೆಗೆ ಹಿಡಿದೆ, ಬಂತು. ಬಲ್ಬು ೦.೨೬ ಆಂಪಿಯರ್. ೨೩೦ರಿಂದ ಗುಣಿಸಿದರೆ ೬೦ ವ್ಯಾಟ್, ಭಾಗಿಸಿದರೆ ೮೮೫ ಓಮ್. ಬಲ್ಬಿನ ತಲೆಯ ಮೇಲೂ ಅರವತ್ತು ಎಂದೇ ಅಚ್ಚಾಗಿದೆ. ಮೊದಲೇ ಅದನ್ನು ಓದಬಹುದಿತ್ತು. ಒಲೆ ೪.೩೫ ಆಂಪಿಯರ್, ಸಾವಿರ ವ್ಯಾಟ್, ೫೩ ಓಮ್. ಫ್ಯೂಸ್ ಐದು ಆಂಪಿಯರಿನದು ಎಂದು ಪೆಟ್ಟಿಗೆಯ ಮೇಲೆ ಬರೆದಿದೆ. ಎರಡನ್ನೂ ಕೂಡಿಸಿದರೂ ಐದು ಮುಟ್ಟುವುದಿಲ್ಲ.

ನಾನು ದಿನವಿಡೀ ಕನ್ನಡಕದ ಗಾಜು ಉಜ್ಜುತ್ತೇನೆ. ಚಕ್ರ ತಿರುಗುತ್ತದೆ, ನೀರು ತೊಟ್ಟಿಕ್ಕುತ್ತದೆ, ಗಾಜು ಸವೆಯುತ್ತದೆ. ಊರಿನ ಅರ್ಧ ಜನರ ಕಣ್ಣು ನನ್ನ ಬೆರಳಿನ ಕೆಳಗೆ ಹಾದುಹೋಗುತ್ತದೆ, ಆದರೆ ಅವರಲ್ಲಿ ಒಬ್ಬರೂ ನನ್ನನ್ನು ನೋಡಿಲ್ಲ. ನಾನಿರುವುದು ಹಿಂದಿನ ಕೋಣೆಯಲ್ಲಿ. ಫ್ರೇಮಿನವರು ಮಾತ್ರ ಆಗಾಗ ಬಂದು ಮಾತಾಡಿಸುತ್ತಾರೆ. ಮೊನ್ನೆ ನಾನು ಛತ್ರಿ ಮರೆತು ಹೊರಟಾಗ ಬೀದಿಯ ಕೊನೆಯವರೆಗೂ ಓಡಿ ಬಂದು ಕೊಟ್ಟರು.

ಮರೆತಿದ್ದೆ. ಮೆಟ್ಟಿಲಡಿಯ ವೈರನ್ನೂ ಹಿಡಿದು ನೋಡಿದೆ, ಮೇಲೆ ಹತ್ತುವ ಮೊದಲೇ. ೨.೦೦ ತೋರಿಸಿತು. ಮನೆಯೊಡತಿ ಅಲ್ಲೇ ಇದ್ದರು. “ಹಗಲೆಲ್ಲ ನಿನ್ನ ಕಿಟಕೀಲಿ ಬೆಳಕು ಕಾಣುತ್ತಮ್ಮ, ಮೇಲೆ ಯಾರಾದ್ರೂ ಇದಾರಾ?” ಎಂದು ಕೇಳಿದರು. ಇಲ್ಲ ಎಂದೆ.

ಇಂತಿ,
ನಿಮ್ಮ ಸೊಸೆ


೧೫ ಡಿಸೆಂಬರ್

ಸೊಸೆಗೆ,

ನೀನು ಮೇಲೆ ಹತ್ತುವ ಮೊದಲೇ ಎರಡು ಆಂಪಿಯರ್. ಅದರಲ್ಲಿ ಬಲ್ಬಿನದು ೦.೨೬ ಎಂದಿಟ್ಟುಕೊಂಡು ಕಳೆದೆ. ಉಳಿದದ್ದು ೧.೭೪. ಗುಣಿಸಿದರೆ ನಾನೂರು ವ್ಯಾಟ್, ಭಾಗಿಸಿದರೆ ನೂರ ಮೂವತ್ತೆರಡು ಓಮ್. ಇದು ಸೋರಿಕೆಯಲ್ಲ. ಸೋರಿಕೆ ಇಷ್ಟು ಶಿಸ್ತಾಗಿರುವುದಿಲ್ಲ. ಒಂದು ವಸ್ತು ಉರಿಯುತ್ತಿದೆ. ಅದರ ಮೇಲೆ ನೀನು ಒಲೆ ಹಾಕಿದರೆ ಆರೂ ಕಾಲು ಆಂಪಿಯರ್ ದಾಟುತ್ತದೆ, ಫ್ಯೂಸ್ ಹೋಗದೆ ಏನು ಮಾಡೀತು?

ನೂರ ಮೂವತ್ತೆರಡು ಓಮಿನ ವಸ್ತು ಯಾವುದು? ನೀನು ಬರೆದದ್ದು ಬಲ್ಬು ಮತ್ತು ಒಲೆ ಮಾತ್ರ.

ಅತ್ತೆ


೨೨ ಡಿಸೆಂಬರ್

ಅತ್ತೆಯವರಿಗೆ ನಮಸ್ಕಾರಗಳು.

ಇಸ್ತ್ರಿ ಪೆಟ್ಟಿಗೆ ಇರಬೇಕು. ಬೆಳಿಗ್ಗೆ ಆರಿಸಲು ಮರೆತಿದ್ದೆ ಎಂದು ಕಾಣುತ್ತದೆ. ಇನ್ನು ಮೇಲೆ ಜಾಗ್ರತೆಯಾಗಿರುತ್ತೇನೆ. ಅಂಗಡಿಯಲ್ಲಿ ಕೆಲಸ ಬಹಳ ಇದೆ, ಹೆಚ್ಚು ಬರೆಯಲು ಆಗುತ್ತಿಲ್ಲ. ಮೀಟರನ್ನು ವಾಪಸು ಕಳಿಸಲೇ?

ಇಂತಿ,
ನಿಮ್ಮ ಸೊಸೆ


೧೯ ಜನವರಿ

ಸೊಸೆಗೆ,

ಇದಕ್ಕೆ ಮೊದಲು ನಿನಗೆ ಬರೆದ ಉತ್ತರಗಳನ್ನು ಕಳಿಸದೆ ಹರಿದುಹಾಕಿದ್ದೇನೆ. ಇದನ್ನು ಹರಿಯಬಾರದು ಎಂದುಕೊಂಡು ಕೂತಿದ್ದೇನೆ.

ಇಸ್ತ್ರಿ ಪೆಟ್ಟಿಗೆಯ ಮಾತನ್ನು ಬೇರೆ ಯಾರಿಗಾದರೂ ಹೇಳು. ಈ ಕೈ ಸುತ್ತಿದ ಇಸ್ತ್ರಿ ಕಾಯಿಲ್‌ಗಳನ್ನು ಬಿಡಿಸಿ ಎಳೆದರೆ ನಿಮ್ಮ ಊರು ಮುಟ್ಟುತ್ತದೆ. ಇಸ್ತ್ರಿ ಪೆಟ್ಟಿಗೆ ಏಳುನೂರೈವತ್ತು ವ್ಯಾಟ್. ಸತ್ಯದ ತಲೆ ಮೇಲೆ ಹೊಡೆದ ಹಾಗೆ ಸುಳ್ಳು ಹೇಳಲು ನಿನಗೆ ಬರುವುದಿಲ್ಲ, ಬರದಿರುವುದೇ ಒಳ್ಳೆಯದು.

ನಾನೂರು ವ್ಯಾಟ್ ಎಂದರೆ ಕಾಲಿನ ಹತ್ತಿರ ಇಟ್ಟುಕೊಳ್ಳುವ ಸಣ್ಣ ಹೀಟರು. ಅದು ನಿನಗೆ ಬೇಕಾಗಿಲ್ಲ. ಎಂಥ ಚಳಿಯಲ್ಲೂ ಹೊದಿಕೆಯಿಂದ ಕಾಲು ಹೊರಗೆ ಚಾಚಿ ಮಲಗುವವಳು ನೀನು. ನಮ್ಮ ಮನೆಗೆ ಬಂದ ಮೊದಲ ವರ್ಷ ಅದನ್ನು ನೋಡಿ ನಾನೇ ಬೈದಿದ್ದೇನೆ. ಹಾಗಾದರೆ ಕಾಲಿಗೆ ಚಳಿಯಾಗುವವರು ಬೇರೆ ಯಾರೋ ಇದ್ದಾರೆ. ಹಗಲಿಡೀ ಬೆಳಕೂ ಇದೆ, ಶಾಖವೂ ಇದೆ. ಮನೆಯೊಡತಿ ಕೇಳಿದ್ದಕ್ಕೆ ನೀನು ಇಲ್ಲ ಎಂದೆ, ನನಗೆ ಇಸ್ತ್ರಿ ಪೆಟ್ಟಿಗೆ ಎಂದೆ. ನಾನು ಮೀಟರ್ ನೋಡಿಕೊಂಡು ಮುದುಕಿಯಾದವಳು. ನಾಲ್ಕು ಅಂಕಿ ಕೊಟ್ಟರೆ ಆ ಕೋಣೆಯಲ್ಲಿ ಎಷ್ಟು ಜನ ಇದ್ದಾರೆ ಎಂದು ಹೇಳಬಲ್ಲೆ.

ಮೊದಲು ಕೋಪ ನೆತ್ತಿಗೇರಿತು. ನಿನ್ನ ಗಂಡ ಹೋಗಿ ಇನ್ನೂ ಎರಡನೇ ಚಳಿಗಾಲ ಎಂದುಕೊಂಡೆ. ಆ ಕೋಪದಲ್ಲೇ ಲಾಂಡ್ರಿಯವರ ಫ್ಯಾನಿನ ಮೋಟಾರು ಸುತ್ತಿದೆ. ಹಾಕಿ ನೋಡಿದರೆ ಉಲ್ಟಾ ತಿರುಗುತ್ತಿದೆ, ಹೊರಗೆ ತಳ್ಳಬೇಕಾದ ಹಬೆಯನ್ನೆಲ್ಲ ಒಳಗೆ ತುಂಬಿಸಿ ಲಾಂಡ್ರಿಯವನನ್ನೇ ಬೇಯಿಸಿತು. ಅವನು ಬಂದು ಬೈದು ಹೋದ ಮೇಲೆ ಕೂತು ಯೋಚಿಸಿದೆ. ನಿನಗೆ ಇನ್ನೂ ಮೂವತ್ತೈದು. ನಾನೊಬ್ಬಳು ಒಬ್ಬಂಟಿಯಾಗಿದ್ದೇನೆಂದು ನೀನೂ ಹಾಗೇ ಇರಬೇಕೆಂಬುದು ಯಾವ ನ್ಯಾಯ?

ಅವನು ದಪ್ಪ ತಂತಿಯವನೇ ಇರಲಿ, ಇನ್ಯಾರೇ ಇರಲಿ. ಛತ್ರಿ ಹಿಡಿದು ಓಡಿ ಬಂದವನು ಕೆಟ್ಟವನಿರಲಾರ. ಹಗಲು ಹೊತ್ತು ಮನೆಯಲ್ಲಿ ಕಾಲು ಕಾಯಿಸಿಕೊಂಡು ಕೂರುವ ಗಂಡಸು ಎನ್ನುವುದೊಂದು ನನಗೆ ಹಿಡಿಸಲಿಲ್ಲ, ಕಾಯಿಲೆಯವನಾದರೆ ಆ ಮಾತೂ ವಾಪಸು. ಹೀಟರಿಗೆ ಬೇರೆ ಲೈನು ಎಳೆಸು, ತಿಳಿದವರನ್ನು ಕರೆಸಿ ಎಳೆಸು.

ಒಂದೇ ಒಂದು ಕೇಳುತ್ತೇನೆ. ಅವನಿಗೂ ಒಬ್ಬ ತಾಯಿ ಇರುತ್ತಾಳೆ. ಅತ್ತೆ ಎನ್ನುವ ಶಬ್ದ ಆಮೇಲೆ ಅವಳಿಗೆ ಸೇರಬೇಕಾದದ್ದು, ನನಗೆ ಅದು ಗೊತ್ತಿದೆ. ಆದರೆ ಸುಮ್ಮನೆ ನಿಲ್ಲಿಸಬೇಡ. ಇದು ಕೊನೆಯ ಪತ್ರ ಎಂದು ಒಂದು ಮಾತು ಬರೆದು ನಿಲ್ಲಿಸು. ಇಲ್ಲದಿದ್ದರೆ ನಾನು ಅಂಚೆಯವನ ದಾರಿ ಕಾಯುತ್ತಲೇ ಇರುತ್ತೇನೆ.

ಮೀಟರ್ ಅಲ್ಲೇ ಇರಲಿ.

ಅತ್ತೆ


೨೮ ಜನವರಿ

ಅತ್ತೆ,

ಫ್ರೇಮಿನವರಿಗೆ ಅರವತ್ತು ದಾಟಿದೆ. ಮೊಮ್ಮಕ್ಕಳ ಫೋಟೋ ತೋರಿಸಿ ತೋರಿಸಿ ನನ್ನ ಪ್ರಾಣ ತಿನ್ನುತ್ತಾರೆ. ನಿಮ್ಮ ಪತ್ರ ಅವರ ಕೈಗೆ ಸಿಕ್ಕಿದ್ದರೆ ಸಂತೋಷದಿಂದ ಇನ್ನೊಂದು ಛತ್ರಿ ಕೊಡಿಸುತ್ತಿದ್ದರು.

ಯಾರೂ ಇಲ್ಲ ಅತ್ತೆ. ನೂರ ಮೂವತ್ತೆರಡು ಓಮ್ ಎಂದಿರಲ್ಲ, ಅದು ನೀವೇ ಸುತ್ತಿದ್ದು. ನಿಮ್ಮ ಮಗ ಹಾಸಿಗೆ ಹಿಡಿದ ಮೇಲೆ ಕಾಲು ಕೊರೆಯುತ್ತದೆ ಎಂದಾಗ ತಗಡಿನ ಡಬ್ಬಿಗೆ ಜಾಲರಿ ಹೊದಿಸಿ ಮಾಡಿಕೊಟ್ಟಿರಲ್ಲ, ಆ ಹೀಟರು. ಅದನ್ನು ಗುಜರಿಗೆ ಹಾಕಿದೆ ಎಂದು ನಿಮಗೆ ಹೇಳಿದ್ದೆ. ಹಾಕಲಿಲ್ಲ. ಬಟ್ಟೆಯ ಪೆಟ್ಟಿಗೆಯ ಅಡಿಯಲ್ಲಿಟ್ಟು ತಂದೆ.

ಈ ಊರಿಗೆ ಬಂದ ಹೊಸದರಲ್ಲಿ ಸಂಜೆ ಬಾಗಿಲು ತೆಗೆದರೆ ಕೋಣೆ ಕತ್ತಲೆ, ತಣ್ಣಗೆ. ಬೆಳಿಗ್ಗೆ ಲೋಟ ಎಲ್ಲಿಟ್ಟಿದ್ದೆನೋ ಅಲ್ಲೇ ಇರುತ್ತಿತ್ತು. ಒಂದು ದಿನ ಮರೆತು ಬಲ್ಬು ಉರಿಯಬಿಟ್ಟು ಹೋಗಿದ್ದೆ. ಬರುವಾಗ ಬೀದಿಯ ತಿರುವಿನಿಂದಲೇ ನನ್ನ ಕಿಟಕಿಯಲ್ಲಿ ಬೆಳಕು ಕಂಡಿತು. ಮೆಟ್ಟಿಲನ್ನು ಓಡಿಕೊಂಡು ಹತ್ತಿದೆ ಅತ್ತೆ, ನನಗೇ ಗೊತ್ತಿಲ್ಲದೆ. ಅವತ್ತಿನಿಂದ ಬೇಕೆಂದೇ ಹಾಕಿಟ್ಟು ಹೋಗುತ್ತೇನೆ. ಆಮೇಲೆ ಹೀಟರನ್ನೂ ಕುರ್ಚಿಯ ಎದುರಿಗಿಟ್ಟು ಹಾಕತೊಡಗಿದೆ. ಬಾಗಿಲು ತೆಗೆದ ಕೂಡಲೇ ಮುಖಕ್ಕೆ ಬೆಚ್ಚಗೆ ತಾಗುತ್ತದೆ. ಚಪ್ಪಲಿ ಬಿಡುವಷ್ಟು ಹೊತ್ತು ಮನೆಯಲ್ಲಿ ಅವರಿದ್ದಾರೆ. “ಬಂದೆ” ಎನ್ನುತ್ತೇನೆ. ಆಮೇಲೆ ಗೊತ್ತಾಗುತ್ತದೆ.

ಒಲೆ ಹಾಕುವ ಮೊದಲು ಹೀಟರ್ ಆರಿಸಬೇಕು. ಅದು ನನಗೆ ಮೊದಲ ದಿನದಿಂದಲೇ ಗೊತ್ತಿತ್ತು. ಅಡುಗೆ ಬೇಕಾದರೆ ಅವರನ್ನು ಆರಿಸಬೇಕು, ಆ ಸ್ವಿಚ್ಚಿಗೆ ನನ್ನ ಕೈ ಹೋಗುವುದಿಲ್ಲ. ಎರಡನ್ನೂ ಹಾಕುತ್ತೇನೆ, ಫ್ಯೂಸ್ ಹೋಗುತ್ತದೆ, ಕತ್ತಲಲ್ಲಿ ಕೆಳಗಿಳಿಯುತ್ತೇನೆ. ನಾನು ನಿಮಗೆ ಬರೆದದ್ದು ಫ್ಯೂಸ್ ಯಾಕೆ ಹೋಗುತ್ತದೆಂದು ಗೊತ್ತಿಲ್ಲದೆ ಅಲ್ಲ. ನಿಮಗೆ ಬರೆಯಲು ನನ್ನ ಬಳಿ ಬೇರೆ ಏನೂ ಇರಲಿಲ್ಲ. ಮೆಟ್ಟಿಲಡಿಯ ವೈರು ಸೊನ್ನೆ ತೋರಿಸಿತು ಎಂದು ಬರೆಯಬಹುದಿತ್ತು. ಎರಡು ಎಂದೇ ಬರೆದೆ. ಯಾರಾದರೂ ಕಂಡುಹಿಡಿಯಲಿ ಎಂದಿತ್ತೋ ಏನೋ.

ನೀವು ನನ್ನನ್ನು ಬಿಟ್ಟುಕೊಡಲು ತಯಾರಾದಿರಿ ಎಂದು ಓದಿ ತುಂಬ ಅತ್ತುಬಿಟ್ಟೆ. ಆ ಕಾಗದದಲ್ಲಿ ನನ್ನನ್ನು ಬೈದಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ನಿಮ್ಮ ಸೊಸೆ


೩ ಫೆಬ್ರವರಿ

ಸೊಸೆಗೆ,

ಯಾರೂ ಇಲ್ಲ ಎಂದು ಓದಿದಾಗ ನನಗೆ ಮೊದಲು ಆದದ್ದು ಸಂತೋಷ. ಮುಚ್ಚಿಟ್ಟು ಪ್ರಯೋಜನವಿಲ್ಲ. ಮುಂದಿನ ಸಾಲು ಓದಿದ ಮೇಲೆ ಆ ಸಂತೋಷಕ್ಕೆ ನಾಚಿಕೆಯಾಯಿತು. ಯಾರಾದರೂ ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತಿದೆ.

ನಾನು ಸುತ್ತಿದ್ದನ್ನು ನಾನೇ ಯಾಕೆ ಗುರುತು ಹಿಡಿಯಲಿಲ್ಲ ಎಂದು ಯೋಚಿಸಿದೆ. ಅವನಿಗೆ ಸುತ್ತಿದ್ದು ನೂರ ಇಪ್ಪತ್ತು ಓಮ್. ಸುತ್ತಿ, ಹಾಕಿ, ವೋಲ್ಟ್ ಆಂಪಿಯರ್ ಎರಡನ್ನೂ ನೋಡಿ ಭಾಗಿಸಿಯೇ ಕೊಟ್ಟಿದ್ದೆ, ಅದು ನನಗೆ ಬಾಯಿಪಾಠ. ನಿನ್ನ ಲೆಕ್ಕದಲ್ಲಿ ಬಂದದ್ದು ನೂರ ಮೂವತ್ತೆರಡು, ಹಾಗಾಗಿ ಅದು ಬೇರೆಯವರ ಹೀಟರ್ ಎಂದೇ ನಂಬಿದೆ. ತಂತಿ ಸದಾ ಉರಿಯುತ್ತಿದ್ದರೆ ಒಳಗೊಳಗೇ ಸವೆದು ಸಪೂರವಾಗುತ್ತದೆ, ತಡೆ ಏರುತ್ತದೆ, ಶಾಖ ಇಳಿಯುತ್ತದೆ. ಬೇರೆಯವರ ಹೀಟರುಗಳಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೇನೆ. ನನ್ನ ಮಗನದು ಎಲ್ಲೋ ಒಂದು ಕಡೆ ಇನ್ನೂ ಉರಿಯುತ್ತಿರಬಹುದು ಎಂದು ಮಾತ್ರ ತಲೆಗೆ ಬರಲಿಲ್ಲ.

ಈಗ ಕೇಳು. ಸವೆದ ತಂತಿ ಯಾವತ್ತಾದರೂ ತುಂಡಾಗಿ ತಗಡಿಗೆ ಬೀಳುತ್ತದೆ. ಮನೆಯಲ್ಲಿ ನೀನಿಲ್ಲದಾಗ ಬಿದ್ದರೆ ಕೆಳಗಿನವರೂ ಉಳಿಯುವುದಿಲ್ಲ. ನಾಳೆಯಿಂದ ಹೊರಡುವಾಗ ಆರಿಸು. ಸಂಜೆ ಬೇಕಿದ್ದರೆ ಹಾಕಿಕೋ, ಎದುರಿಗೇ ಕೂತಿರು. ಪೂರ್ತಿ ನಿಲ್ಲಿಸು ಎಂದು ನಾನು ಹೇಳುವುದಿಲ್ಲ. ಅದು ಒಬ್ಬಳ ಕೈಯಲ್ಲಿ ಆಗುವ ಕೆಲಸವಲ್ಲ. ಶನಿವಾರದ ರೈಲಿಗೆ ಬರುತ್ತೇನೆ. ಸ್ಟೇಷನ್ನಿಗೆ ಬಾ, ಮಂಡಿಗೆ ನಿಮ್ಮ ಊರಿನ ಮೆಟ್ಟಿಲುಗಳ ಪರಿಚಯವಿಲ್ಲ.

ಅತ್ತೆ


೧೭ ಫೆಬ್ರವರಿ

ಅತ್ತೆ,

ಕ್ಷೇಮವಾಗಿ ತಲುಪಿದಿರಿ ಎಂದುಕೊಂಡಿದ್ದೇನೆ.

ನಾವಿಬ್ಬರೂ ಮಂಚದ ಮೇಲೆ ಕೂತು ಆ ಹೀಟರನ್ನೇ ನೋಡುತ್ತಿದ್ದದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ನೀವು ಸ್ವಿಚ್ಚಿನ ಮೇಲೆ ಬೆರಳಿಟ್ಟು ತೆಗೆದಿರಿ, ನಾನೂ ಇಟ್ಟು ತೆಗೆದೆ. ಕೊನೆಗೆ ಯಾರ ಬೆರಳು ಒತ್ತಿತೋ ನನಗೆ ನಿಜವಾಗಿ ಗೊತ್ತಿಲ್ಲ. ಕೆಂಪು ಹೋದ ಮೇಲೂ ಬಹಳ ಹೊತ್ತು ತಗಡು ಟಿಕ್ ಟಿಕ್ ಎನ್ನುತ್ತಿತ್ತು. “ಸಾಕಪ್ಪ, ಇನ್ನು ಮಲಗು” ಎಂದಿರಿ. ನನಗೆ ಹೇಳಿದಿರೆಂದು ನಾನು ಎದ್ದೆ, ಆಮೇಲೆ ಅಲ್ಲ ಎಂದು ತಿಳಿಯಿತು.

ಸೋಮವಾರ ಕೆಲಸಕ್ಕೆ ಹೋದೆ. ಸಂಜೆ ಬರುವಾಗ ಕಿಟಕಿ ಕತ್ತಲಾಗಿತ್ತು. ಮೆಟ್ಟಿಲಡಿಯಲ್ಲಿ ಕೊಕ್ಕೆ ಹಾಕಿ ನೋಡಿದೆ, ಸೊನ್ನೆ. ಈ ಸಲ ಒಂದೇ ಎಳೆಗೆ ಹಿಡಿದಿದ್ದೆ. ಮೇಲೆ ಹೋಗಿ ಬಾಗಿಲು ತೆಗೆದೆ, “ಬಂದೆ” ಎನ್ನಲಿಲ್ಲ. ಒಲೆ ಹಾಕಿದೆ, ಬಿಸಿ ಊಟ ಮಾಡಿದೆ. ತುಂಬ ಕಷ್ಟವಾಯಿತು ಅತ್ತೆ. ಮಂಗಳವಾರವೂ ಆಯಿತು.

ಇನ್ನು ಫ್ಯೂಸ್ ಹೋಗುವುದಿಲ್ಲ. ಹಾಗಾದರೆ ನಾನು ಇನ್ನು ಏನೆಂದು ನಿಮಗೆ ಬರೆಯಲಿ? ನಮ್ಮಿಬ್ಬರ ನಡುವೆ ಇದ್ದದ್ದು ನಿಮ್ಮ ಮಗ. ಅವರು ಹೋದ ಮೇಲೆ ಆ ಹೀಟರು, ಆಮೇಲೆ ಈ ಲೆಕ್ಕ. ಈಗ ಅದೂ ಇಲ್ಲ. ಸ್ಟೇಷನ್ನಿನಲ್ಲಿ ಕೇಳಬೇಕೆಂದಿದ್ದೆ, ರೈಲು ಹೊರಟಿತು. ನಾನು ನಿಮಗೆ ಈಗ ಏನಾಗಬೇಕು?


೨೪ ಫೆಬ್ರವರಿ

ಸೊಸೆಗೆ,

ಪತ್ರದ ಕೊನೆಯಲ್ಲಿ ನೀನು ಏನೂ ಸಹಿ ಹಾಕಿಲ್ಲ. ತಿರುಗಿಸಿ ಹಿಂದೆಯೂ ನೋಡಿದೆ.

ನಿನ್ನ ಪ್ರಶ್ನೆಯನ್ನು ನಿನಗಿಂತ ಮೊದಲೇ ಒಬ್ಬಳು ಕೇಳಿದ್ದಾಳೆ. ವಾಪಸು ಬರುವಾಗ ರೈಲಿನಲ್ಲಿ ನನ್ನ ಎದುರಿಗೆ ಒಬ್ಬ ಹೆಂಗಸು ಕೂತಿದ್ದಳು. ಮಡಿಲ ತುಂಬ ಕಿತ್ತಳೆ ಹಣ್ಣು. ಒಂದೊಂದೇ ಸುಲಿದು ತಿನ್ನುತ್ತಾ, ನನಗೂ ಕೊಡುತ್ತಾ ಮಾತಿಗೆಳೆದಳು.

“ಯಾರ ಮನೆಗೆ ಹೋಗಿದ್ರಿ?” ಎಂದಳು.

“ಸೊಸೆ ಮನೆಗೆ.”

“ಮಗ ಏನು ಕೆಲಸ ಮಾಡ್ತಾನೆ?”

“ಮಗ ಇಲ್ಲ. ಹೋಗಿಬಿಟ್ಟ.”

ಅವಳು ಸುಲಿಯುತ್ತಿದ್ದ ಹಣ್ಣನ್ನು ಮಡಿಲಿಗಿಟ್ಟಳು. ಆಮೇಲೆ ಮೆಲ್ಲಗೆ ಕೇಳಿದಳು. “ಮೊಮ್ಮಕ್ಕಳು?”

“ಅವರೂ ಇಲ್ಲ.”

ಒಳ್ಳೆಯ ಹೆಂಗಸೇ, ಕೊಂಕು ಮಾತಿನವಳಲ್ಲ. ಆದರೆ ಲೆಕ್ಕ ತಾಳೆಯಾಗದಿದ್ದರೆ ಬಿಡುವವಳೂ ಅಲ್ಲ, ಅದರಲ್ಲಿ ನನ್ನ ಹಾಗೆಯೇ. ಹೊರಗೆ ನೋಡಿದಳು, ನನ್ನನ್ನು ನೋಡಿದಳು, ಇನ್ನೊಂದು ತೊಳೆ ಕೈಗಿಟ್ಟಳು.

“ತಪ್ಪು ತಿಳ್ಕೋಬೇಡಿ, ಮಗಾನೂ ಇಲ್ಲ, ಮೊಮ್ಮಕ್ಕಳೂ ಇಲ್ಲ ಅಂತೀರಿ. ಮತ್ತೆ ಸೊಸೆ ಅಂತ ಹೇಗೆ?”

“ಹೇಗೂ ಇಲ್ಲಮ್ಮ,” ಎಂದೆ. “ಇದ್ದಾಳೆ.”

ಅತ್ತೆ